ಸೈಡ್ ಲ್ಯಾಟರಲ್ ರೈಸ್: ಮೊಣಕೈಯಿಂದ ಎತ್ತುವುದು ಹೇಗೆ

ಭುಜದ ವ್ಯಾಯಾಮಗಳಲ್ಲಿ ನೋಡುವುದಕ್ಕೆ ಬಹಳ ಸುಲಭ ಅನ್ನಿಸುವುದು ಸೈಡ್ ಲ್ಯಾಟರಲ್ ರೈಸ್. ಎರಡು ಕೈಯಲ್ಲಿ ಎರಡು ಡಂಬೆಲ್ ಹಿಡಿ, ಪಕ್ಕಕ್ಕೆ ಎತ್ತು, ಇಳಿಸು. ಅಷ್ಟೇ ಅಲ್ವಾ? ಜಿಮ್‌ನಲ್ಲಿ ಹೊಸಬರಿಗೆ ಕಲಿಸುವುದು ನನ್ನ ಕೆಲಸ. ನಾನು ಎಲ್ಲಕ್ಕಿಂತ ಜಾಸ್ತಿ ತಿದ್ದುವ ವ್ಯಾಯಾಮವೂ ಇದೇ. ಸ್ಕ್ವಾಟ್, ಡೆಡ್‌ಲಿಫ್ಟ್ ಅಂದರೆ ಜನ ಸ್ವಲ್ಪ ಹೆದರುತ್ತಾರೆ. ಕೇಳುತ್ತಾರೆ, ನೋಡಿ ಕಲಿಯುತ್ತಾರೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ. ಕೈಗೆ ಸಿಕ್ಕ ಡಂಬೆಲ್ ತೆಗೆದುಕೊಂಡು ಶುರು ಮಾಡಿಬಿಡುತ್ತಾರೆ. ಒಂದಷ್ಟು ತಿಂಗಳು ಕಳೆದ ಮೇಲೆ ಬಂದು, "ಮೇಡಂ, ಭುಜ ಬೆಳೀತಾನೇ ಇಲ್ಲ, ಕತ್ತು ಮಾತ್ರ ಹಿಡ್ಕೊಳ್ಳುತ್ತೆ" ಅನ್ನುತ್ತಾರೆ.

ಆ ಒಂದು ಮಾತಿನಲ್ಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಭುಜ ಮಾಡಬೇಕಾದ ಕೆಲಸವನ್ನು ಕತ್ತಿನ ಪಕ್ಕದ ಸ್ನಾಯು ಮಾಡುತ್ತಿದೆ. ಅದನ್ನು ಸರಿ ಮಾಡುವುದು ಕಷ್ಟವಲ್ಲ. ಆದರೆ ಮೊದಲು ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿದಿರಬೇಕು.

ಸ್ನಾಯು ಎಲ್ಲಿ ಮುಗಿಯುತ್ತದೆ

ಭುಜವನ್ನು ಟೋಪಿಯ ಹಾಗೆ ಮುಚ್ಚಿಕೊಂಡಿರುವ ಸ್ನಾಯುವಿನ ಹೆಸರು ಡೆಲ್ಟಾಯ್ಡ್. ಅದರಲ್ಲಿ ಮೂರು ಭಾಗ: ಮುಂದಿನದು, ನಡುವಿನದು, ಹಿಂದಿನದು. ಬೆಂಚ್ ಪ್ರೆಸ್, ಪುಷ್‌ಅಪ್, ಓವರ್‌ಹೆಡ್ ಪ್ರೆಸ್ ಮಾಡುವಾಗ ಮುಂದಿನ ಭಾಗಕ್ಕೆ ಬೇಕಾದಷ್ಟು ಕೆಲಸ ಸಿಗುತ್ತದೆ. ರೋಯಿಂಗ್ ತರಹದ ಎಳೆಯುವ ವ್ಯಾಯಾಮಗಳಲ್ಲಿ ಹಿಂದಿನ ಭಾಗಕ್ಕೆ ಸಿಗುತ್ತದೆ. ನಡುವಿನದಕ್ಕೆ ನೇರವಾಗಿ ಸಿಗುವುದು ಕಡಿಮೆ. ಭುಜ ಅಗಲವಾಗಿ ಕಾಣುವುದು ಇದೇ ಭಾಗದಿಂದ. ತೋಳನ್ನು ಪಕ್ಕಕ್ಕೆ ಎತ್ತುವುದೂ ಮುಖ್ಯವಾಗಿ ಇದೇ.

ಈಗ ಎಡಗೈ ಬೆರಳುಗಳನ್ನು ಬಲ ಭುಜದ ತುದಿಯ ಮೂಳೆಯ ಮೇಲೆ ಇಡಿ. ಅಲ್ಲಿಂದ ತೋಳಿನ ಹೊರಬದಿಯಲ್ಲಿ ನಿಧಾನವಾಗಿ ಕೆಳಗೆ ಸವರಿಕೊಂಡು ಬನ್ನಿ. ಭುಜಕ್ಕೂ ಮೊಣಕೈಗೂ ಹೆಚ್ಚುಕಡಿಮೆ ಮಧ್ಯದಲ್ಲಿ ಒಂದು ಸಣ್ಣ ತಗ್ಗು ಸಿಗುತ್ತದೆ. ಡೆಲ್ಟಾಯ್ಡ್ ಅಲ್ಲಿ ಮೂಳೆಗೆ ಅಂಟಿಕೊಂಡು ಮುಗಿಯುತ್ತದೆ. ಮೊಣಕೈವರೆಗೂ ಬರುವುದಿಲ್ಲ. ಮುಂಗೈ, ಅಂಗೈ, ಬೆರಳು ಇವುಗಳ ಜೊತೆ ಅದಕ್ಕೆ ಯಾವ ಸಂಬಂಧವೂ ಇಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಡೀ ವ್ಯಾಯಾಮದ ಗುಟ್ಟು ಇಲ್ಲೇ ಇದೆ. ಈ ಸ್ನಾಯು ಎತ್ತಬಲ್ಲದ್ದು ಮೇಲ್ತೋಳನ್ನು ಮಾತ್ರ. ಮೇಲ್ತೋಳಿನ ತುದಿ ಅಂದರೆ ಮೊಣಕೈ. ಹಾಗಾಗಿ ನೀವು ಎತ್ತಬೇಕಾದದ್ದು ಮೊಣಕೈ. ಡಂಬೆಲ್ ಅದರ ಜೊತೆಗೆ ಬರುತ್ತದೆ. ಡಂಬೆಲ್ ಮೇಲೇ ಮನಸ್ಸಿಟ್ಟರೆ ಏನಾಗುತ್ತದೆ? ಮುಂಗೈ ಮೇಲಕ್ಕೆ ಬರುತ್ತದೆ, ಮೊಣಕೈ ಕೆಳಗೇ ಉಳಿಯುತ್ತದೆ. ಭಾರ ಮೇಲೆ ಹೋದ ಹಾಗೆ ಕನ್ನಡಿಯಲ್ಲಿ ಕಾಣುತ್ತದೆ, ಆದರೆ ಭುಜಕ್ಕೆ ಸಿಗಬೇಕಾದ ಕೆಲಸ ಸಿಕ್ಕಿರುವುದಿಲ್ಲ.

ಎಷ್ಟು ಭಾರ

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ಅದಕ್ಕೆ ಲೆಕ್ಕ ಹೇಳಿಬಿಡುತ್ತೇನೆ.

ತೋಳು ಚಾಚಿದಾಗ ಭುಜದ ಕೀಲಿನಿಂದ ಡಂಬೆಲ್‌ಗೆ ಸುಮಾರು 60 ಸೆಂಟಿಮೀಟರ್ ದೂರ ಅಂತ ಇಟ್ಟುಕೊಳ್ಳಿ. ಸ್ನಾಯು ಎಳೆಯುವ ಗೆರೆ ಆ ಕೀಲಿಗೆ ಕೆಲವೇ ಸೆಂಟಿಮೀಟರ್ ಹತ್ತಿರದಲ್ಲಿದೆ. ಭಾರ ದೂರದಲ್ಲಿ, ಎಳೆತ ಹತ್ತಿರದಲ್ಲಿ. ಹಾಗಾಗಿ ತೋಳು ನೆಲಕ್ಕೆ ಸಮನಾಗಿ ಬಂದಾಗ 5 ಕೆಜಿ ಡಂಬೆಲ್ ಹಿಡಿದಿಡಲು ಡೆಲ್ಟಾಯ್ಡ್ ಅದರ ಹತ್ತು ಪಟ್ಟಿಗಿಂತ ಜಾಸ್ತಿ ಬಲ ಹಾಕಬೇಕಾಗುತ್ತದೆ. ಇದಲ್ಲದೆ ತೋಳಿಗೇ ಒಂದು ತೂಕವಿದೆ. 60 ಕೆಜಿ ಇರುವವರ ಒಂದು ತೋಳು ಸುಮಾರು 3 ಕೆಜಿ ತೂಗುತ್ತದೆ. ಬರಿಗೈಯಲ್ಲಿ ಎತ್ತಿದರೂ ನೀವು ಅಷ್ಟನ್ನು ಎತ್ತುತ್ತಿದ್ದೀರಿ.

ಹೊಸಬರಾದ ಹೆಂಗಸರಿಗೆ ನಾನು ಕೊಡುವುದು 1ರಿಂದ 2.5 ಕೆಜಿ. ಗಂಡಸರಿಗೆ 2.5ರಿಂದ 5 ಕೆಜಿ. ಬೆಂಚ್ ಪ್ರೆಸ್‌ನಲ್ಲಿ ಎಷ್ಟು ಎತ್ತುತ್ತೀರಿ ಅನ್ನುವುದಕ್ಕೂ ಇದಕ್ಕೂ ಹೋಲಿಕೆ ಬೇಡ. ಭಾರ ಸರಿಯಾಗಿದೆಯೇ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ತೋಳು ಭುಜದ ಮಟ್ಟಕ್ಕೆ ಬಂದಾಗ ಒಂದು ಸೆಕೆಂಡ್ ಅಲ್ಲೇ ನಿಲ್ಲಿಸಿ. ಅಲುಗಾಡದೆ ನಿಲ್ಲಿಸಲು ಆಯಿತೇ? ಭಾರ ಸರಿ ಇದೆ. ಮೇಲೆ ಬಂದ ತಕ್ಷಣ ಕೈ ತಾನಾಗಿ ಬಿದ್ದುಹೋಯಿತೇ? ಹಾಗಾದರೆ ನೀವು ಎತ್ತುತ್ತಿರಲಿಲ್ಲ, ಎಸೆಯುತ್ತಿದ್ದಿರಿ. ಒಂದು ಹಂತ ಕೆಳಗಿನ ಡಂಬೆಲ್ ತೆಗೆದುಕೊಳ್ಳಿ.

ನನ್ನ ಹತ್ತಿರ ಬಂದಿದ್ದ ಒಬ್ಬ ಹುಡುಗ 10 ಕೆಜಿ ಡಂಬೆಲ್ ಹಿಡಿದು, ಪ್ರತಿ ಸಲ ಮಂಡಿ ಬಗ್ಗಿಸಿ ಸೊಂಟ ಹಿಂದಕ್ಕೆ ಹಾಕಿ ಎತ್ತುತ್ತಿದ್ದ. ಕೈಯಲ್ಲಿ 4 ಕೆಜಿ ಕೊಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲು ಅಂದೆ. ಎಂಟನೇ ರೆಪ್‌ಗೆ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಮುಖ ಕೆಂಪಾಯಿತು. "ಇದು ಇಷ್ಟು ಉರಿಯುತ್ತೆ ಅಂತ ಗೊತ್ತೇ ಇರಲಿಲ್ಲ ಅಕ್ಕಾ" ಅಂದ. ಅವನ ಭುಜದ ನಡುಭಾಗ ಸರಿಯಾಗಿ ಕೆಲಸ ಮಾಡಿದ್ದು ಅವತ್ತೇ.

ನಿಲ್ಲುವುದು, ಹಿಡಿಯುವುದು

ಪಾದಗಳು ಸೊಂಟದಷ್ಟು ಅಗಲ. ಮಂಡಿ ಸ್ವಲ್ಪ ಸಡಿಲ, ಬಿಗಿಯಾಗಿ ಹಿಂದಕ್ಕೆ ತಳ್ಳಬೇಡಿ. ಹೊಟ್ಟೆಯನ್ನು ಮೆಲ್ಲಗೆ ಬಿಗಿಹಿಡಿಯಿರಿ, ಎದೆಗೂಡು ಮುಂದಕ್ಕೆ ಚಾಚಿಕೊಳ್ಳದಿರಲಿ. ಸೊಂಟದಿಂದ ಮೇಲಿನ ದೇಹ ಒಂದಿಷ್ಟೇ ಮುಂದೆ ಬಾಗಿದರೆ ಒಳ್ಳೆಯದು. ಬೆನ್ನು ಹಿಂದಕ್ಕೆ ವಾಲಿದರೆ ಕೆಲಸ ಡೆಲ್ಟಾಯ್ಡ್‌ನ ಮುಂಭಾಗಕ್ಕೆ ಹೋಗುತ್ತದೆ. ಮುಂದಕ್ಕೆ ಚೂರು ಬಾಗಿದರೆ ನಡುಭಾಗದ ಮೇಲೆ ಉಳಿಯುತ್ತದೆ.

ಡಂಬೆಲ್‌ಗಳು ತೊಡೆಯ ಪಕ್ಕದಲ್ಲಿರಲಿ. ತುಂಬ ಜನ ತೊಡೆಯ ಮುಂದೆ ಎರಡನ್ನೂ ಒಂದಕ್ಕೊಂದು ತಾಗಿಸಿ, ಅಲ್ಲಿಂದ ತೂಗಿಕೊಂಡು ಎತ್ತುತ್ತಾರೆ. ಆ ತೂಗಾಟ ಮೊದಲ ಅರ್ಧ ದಾರಿಯನ್ನು ಪುಕ್ಕಟೆ ದಾಟಿಸಿಬಿಡುತ್ತದೆ. ಅಂಗೈಗಳು ಒಳಮುಖವಾಗಿರಲಿ. ಹಿಡಿತ ಬಿಗಿ ಬೇಡ, ಡಂಬೆಲ್ ಜಾರದಷ್ಟು ಇದ್ದರೆ ಸಾಕು. ಗಟ್ಟಿಯಾಗಿ ಹಿಂಡಿ ಹಿಡಿದರೆ ಭುಜಕ್ಕೆ ಮೊದಲು ಮುಂಗೈ ಸೋಲುತ್ತದೆ.

ಮೊಣಕೈಯಲ್ಲಿ ಸಣ್ಣ ಬಾಗು ಇರಲಿ. ಪೂರ್ತಿ ನೇರ ಬೇಡ, ಕೀಲಿನ ಮೇಲೆ ಸುಮ್ನೆ ಒತ್ತಡ. ಆ ಬಾಗು ಶುರುವಿನಿಂದ ಕೊನೆಯವರೆಗೂ ಅಷ್ಟೇ ಇರಬೇಕು. ಸುಸ್ತಾದ ಹಾಗೆ ಮೊಣಕೈ ಜಾಸ್ತಿ ಜಾಸ್ತಿ ಮಡಚಿಕೊಳ್ಳುತ್ತಾ ಹೋಗುತ್ತದೆ. ಯಾಕೆಂದರೆ ಮಡಚಿದರೆ ಭಾರ ಭುಜಕ್ಕೆ ಹತ್ತಿರವಾಗಿ ಹಗುರವಾಗುತ್ತದೆ. ದೇಹ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ.

ಎತ್ತುವುದು

ಯಾವ ದಿಕ್ಕಿಗೆ? ಎಲ್ಲರೂ ನೇರ ಪಕ್ಕಕ್ಕೆ ಅಂದುಕೊಳ್ಳುತ್ತಾರೆ. ಅಲ್ಲ, ಪಕ್ಕದಿಂದ ಸ್ವಲ್ಪ ಮುಂದಕ್ಕೆ, ಸುಮಾರು 20ರಿಂದ 30 ಡಿಗ್ರಿ. ಭುಜದ ಕೀಲಿನ ಗುಳಿ ಇರುವುದು ಬೆನ್ನ ಮೇಲಿನ ತ್ರಿಕೋನ ಆಕಾರದ ಚಪ್ಪಟೆ ಮೂಳೆಯಲ್ಲಿ. ಅದನ್ನು ಸ್ಕ್ಯಾಪುಲಾ ಅನ್ನುತ್ತಾರೆ. ಎದೆಗೂಡು ಗುಂಡಗಿದೆ, ಅದರ ಮೇಲೆ ಕೂತಿರುವ ಈ ಮೂಳೆಯೂ ಸ್ವಲ್ಪ ಮುಂದಕ್ಕೆ ತಿರುಗಿಕೊಂಡಿದೆ. ತೋಳು ಅದೇ ದಿಕ್ಕಿನಲ್ಲಿ ಎದ್ದರೆ ಕೀಲಿಗೆ ಹಿತ. ಕೋನ ಅಳೆಯಲು ಯಾರೂ ಪಟ್ಟಿ ಹಿಡಿದು ನಿಲ್ಲಬೇಕಾಗಿಲ್ಲ. ತಲೆ ಅಲ್ಲಾಡಿಸದೆ ನೇರ ಎದುರಿಗೆ ನೋಡಿ. ಎರಡೂ ಕೈ ಕಣ್ಣಂಚಿನಲ್ಲಿ ಕಂಡರೆ ದಿಕ್ಕು ಸರಿ ಇದೆ. ಕಾಣದಿದ್ದರೆ ಕೈ ತುಂಬ ಹಿಂದೆ ಹೋಗಿದೆ.

ಎತ್ತುವಾಗ "ಮೇಲೆ" ಅಂತ ಯೋಚಿಸಬೇಡಿ. "ದೂರ" ಅಂತ ಯೋಚಿಸಿ. ಎಡ ಮೊಣಕೈ ಎಡಗಡೆ ಗೋಡೆಯ ಕಡೆಗೆ, ಬಲ ಮೊಣಕೈ ಬಲಗಡೆ ಗೋಡೆಯ ಕಡೆಗೆ ಚಾಚುತ್ತಾ ಹೋಗಲಿ. ನಾನು ಹೇಳಿಕೊಡುವ ಎಲ್ಲ ಮಾತುಗಳಲ್ಲಿ ಜನರ ಫಾರ್ಮ್, ಅಂದರೆ ವ್ಯಾಯಾಮ ಮಾಡುವ ರೀತಿ, ತಕ್ಷಣ ಬದಲಾಗುವುದು ಈ ಒಂದು ಮಾತಿಗೆ. ದೂರಕ್ಕೆ ಚಾಚುವಾಗ ಹೆಗಲು ಕಿವಿಯ ಕಡೆಗೆ ಏರುವುದು ಬಹಳ ಕಡಿಮೆಯಾಗುತ್ತದೆ.

ಮೇಲೆ ಹೋಗಲು ಎರಡು ಸೆಕೆಂಡ್. ತೋಳು ಭುಜದ ಮಟ್ಟಕ್ಕೆ ಬಂದಾಗ ಸಾಕು. ಇನ್ನೂ ಮೇಲೆ ಹೋದರೆ ಅಪರಾಧವಲ್ಲ, ಆದರೆ ಕಲಿಯುವ ಹಂತದಲ್ಲಿ ಬೇಡ, ಕತ್ತಿನ ಸ್ನಾಯುಗಳು ನುಗ್ಗಿಬಿಡುತ್ತವೆ. ಮೇಲೆ ನಿಂತಾಗ ಭುಜ, ಮೊಣಕೈ, ಮಣಿಕಟ್ಟು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು. ಮಣಿಕಟ್ಟು ಮೊಣಕೈಗಿಂತ ಮೇಲಿದ್ದರೆ ನೀವು ಡಂಬೆಲ್ ಹಿಂದೆ ಹೋಗಿದ್ದೀರಿ ಅಂತ ಅರ್ಥ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ.

ಇಳಿಸಲು ಮೂರು ಸೆಕೆಂಡ್. ದಯವಿಟ್ಟು ಇದನ್ನು ಬಿಡಬೇಡಿ. ಭಾರ ಇಳಿಸುವಾಗಲೂ ಸ್ನಾಯು ಕೆಲಸ ಮಾಡುತ್ತಿರುತ್ತದೆ, ಬಿಗಿಯಾಗಿಯೇ ಉದ್ದವಾಗುತ್ತಿರುತ್ತದೆ. ಕೈ ಧಪ್ ಅಂತ ಬಿಟ್ಟರೆ ಪ್ರತಿ ರೆಪ್‌ನ ಅರ್ಧ ಲಾಭ ಹೋಯಿತು. ಡಂಬೆಲ್ ತೊಡೆಗೆ ತಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ, ಮುಂದಿನ ರೆಪ್ ಶುರು ಮಾಡಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಜಗ್‌ನಿಂದ ನೀರು ಸುರಿಯುವ ಹಾಗೆ ಮೇಲೆ ಬಂದಾಗ ಹೆಬ್ಬೆರಳು ಕೆಳಗೆ, ಕಿರುಬೆರಳು ಮೇಲೆ ಮಾಡಿ ಅಂತ ಎಷ್ಟೋ ವರ್ಷಗಳಿಂದ ಜಿಮ್‌ಗಳಲ್ಲಿ ಹೇಳಿಕೊಡುತ್ತಾ ಬಂದಿದ್ದಾರೆ. ನಾನು ಹೇಳಿಕೊಡುವುದಿಲ್ಲ. ಭುಜದ ತುದಿ ಮೂಳೆಗೂ ತೋಳಿನ ಮೂಳೆಯ ತಲೆಗೂ ನಡುವೆ ಇರುವ ಜಾಗ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಆ ಸಂದಿಯಲ್ಲೇ ಸುಪ್ರಾಸ್ಪೈನೇಟಸ್ ಅನ್ನುವ ಸಣ್ಣ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ) ಹಾದುಹೋಗುತ್ತದೆ. ತೋಳು ಎತ್ತುವ ಮೊದಲ ಕೆಲವು ಡಿಗ್ರಿಗಳಲ್ಲಿ ಡೆಲ್ಟಾಯ್ಡ್‌ಗೆ ದೊಡ್ಡ ಸಹಾಯ ಮಾಡುವುದು ಅದೇ. ಹೆಬ್ಬೆರಳು ಕೆಳಗೆ ತಿರುಗಿಸಿದರೆ ಇಡೀ ತೋಳಿನ ಮೂಳೆ ಒಳಕ್ಕೆ ತಿರುಗುತ್ತದೆ. ಮೂಳೆಯ ಉಬ್ಬು ಆ ಸಂದಿಯ ಕೆಳಗೆ ಬಂದು ಟೆಂಡನ್ ಒತ್ತಿಕೊಳ್ಳುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಅಲ್ಲೇ ಚುಚ್ಚಲು ಶುರುವಾಗುತ್ತದೆ. ಹೆಬ್ಬೆರಳು ಕಿರುಬೆರಳಿನ ಮಟ್ಟದಲ್ಲೋ, ಅದಕ್ಕಿಂತ ಚೂರು ಮೇಲೋ ಇದ್ದರೆ ಈ ತೊಂದರೆ ಕಡಿಮೆ. ಮೊಣಕೈಯಿಂದ ಎತ್ತಿದರೆ ನಡುಭಾಗಕ್ಕೆ ಸಿಗಬೇಕಾದದ್ದು ಸಿಕ್ಕೇ ಸಿಗುತ್ತದೆ. ಕೈ ತಿರುಚುವ ಅಗತ್ಯವಿಲ್ಲ.

ಕತ್ತು ಯಾಕೆ ಹಿಡಿದುಕೊಳ್ಳುತ್ತದೆ

ಕತ್ತಿನಿಂದ ಭುಜದವರೆಗೆ ಇಳಿಜಾರಾಗಿರುವ ಸ್ನಾಯುವನ್ನು ಟ್ರ್ಯಾಪ್ಸ್ ಅನ್ನುತ್ತೇವೆ. ಭಾರ ಜಾಸ್ತಿಯಾದರೆ ಹೆಗಲನ್ನೇ ಕಿವಿಯ ಕಡೆಗೆ ಎಳೆದು ತೋಳನ್ನು ಮೇಲಕ್ಕೆ ತರುವುದು ಅದೇ.

ಇದಕ್ಕೆ ಹೆದರಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹೆಗಲನ್ನು ಬಲವಂತವಾಗಿ ಕೆಳಗೆ ಒತ್ತಿ, ಎರಡೂ ಸ್ಕ್ಯಾಪುಲಾಗಳನ್ನು ಹಿಂದಕ್ಕೆ ಕಚ್ಚಿ ಹಿಡಿದು ಎತ್ತುತ್ತಾರೆ. ಅದೂ ಸರಿಯಲ್ಲ. ತೋಳು ಪೂರ್ತಿ ಮೇಲೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನಿಂದ ಬರುತ್ತದೆ, ಉಳಿದ 60 ಸ್ಕ್ಯಾಪುಲಾ ತಿರುಗುವುದರಿಂದ ಬರುತ್ತದೆ. 1944ರಲ್ಲೇ ಮೂಳೆ ವೈದ್ಯ ಇನ್ಮನ್ ಮತ್ತು ಅವರ ಸಂಗಡಿಗರು ಈ ಎರಡಕ್ಕೆ ಒಂದು ಅನ್ನುವ ಲೆಕ್ಕ ಕೊಟ್ಟಿದ್ದರು. ಆಯಾ ಮನುಷ್ಯರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಆದರೆ ಸ್ಕ್ಯಾಪುಲಾ ತಿರುಗಲೇಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಹಾಗೆ ತಿರುಗಿಸುವುದರಲ್ಲಿ ಟ್ರ್ಯಾಪ್ಸ್‌ಗೂ ಪಾಲಿದೆ. ಅದು ಸ್ವಲ್ಪ ಬಿಗಿಯಾಗುವುದು ಸಹಜ. ಹೆಗಲು ತಿರುಗಲಿ, ಏರುವುದು ಬೇಡ.

ಈ ವ್ಯತ್ಯಾಸ ಗೊತ್ತಾಗಲು ಬರಿಗೈ ಅಭ್ಯಾಸ ಒಂದಿದೆ. ಎಡ ಅಂಗೈಯನ್ನು ಬಲಗಡೆ ಕತ್ತು ಮತ್ತು ಹೆಗಲಿನ ನಡುವೆ ಇಡಿ. ಒಂದು ದೀರ್ಘ ಉಸಿರು ಬಿಟ್ಟು ಹೆಗಲು ತಾನಾಗಿ ಇಳಿಯಲು ಬಿಡಿ. ಈಗ ಬಲಗೈಯನ್ನು ನಿಧಾನವಾಗಿ, ಮೊಣಕೈಯಿಂದ, ಪಕ್ಕಕ್ಕೆ ಎತ್ತಿ. ಶುರುವಿನಲ್ಲೇ ಎಡ ಅಂಗೈ ಕೆಳಗಿನ ಸ್ನಾಯು ಗಂಟಿನ ಹಾಗೆ ಎದ್ದು ಬಂತೇ? ನಿಲ್ಲಿಸಿ, ಕೈ ಇಳಿಸಿ, ಮತ್ತೆ ಶುರು ಮಾಡಿ. ಕೈ ಭುಜದ ಮಟ್ಟಕ್ಕೆ ಬರುವವರೆಗೂ ಕಿವಿಗೂ ಹೆಗಲಿಗೂ ಇರುವ ದೂರ ಹೆಚ್ಚುಕಡಿಮೆ ಹಾಗೇ ಉಳಿಯಬೇಕು. ಎರಡೂ ಕಡೆ ಹತ್ತು ಹತ್ತು ಸಲ ಮಾಡಿದ ಮೇಲೆ ಡಂಬೆಲ್ ಹಿಡಿಯಿರಿ. ನನ್ನ ಹತ್ತಿರ ಬರುವವರು ಮೊದಲ ಕೆಲವು ದಿನ ಪ್ರತಿ ಸಲ ಇದನ್ನು ಮಾಡಿಯೇ ಭಾರ ಮುಟ್ಟುತ್ತಾರೆ.

ದೇಹ ತೂಗಾಡುವವರಿಗೆ ಗೋಡೆಯೇ ಮದ್ದು. ಹಿಮ್ಮಡಿ ಗೋಡೆಯಿಂದ ಸ್ವಲ್ಪ ಮುಂದಿಟ್ಟು, ಕುಂಡಿ ಮತ್ತು ಬೆನ್ನು ಗೋಡೆಗೆ ತಾಗಿಸಿ ನಿಲ್ಲಿ. ಇಲ್ಲಿ ಮುಂದೆ ಬಾಗುವುದು ಬೇಡ. ಇನ್ನು ತೂಗಾಡಲು ಜಾಗವೇ ಇಲ್ಲ. ಕೈಗಳೂ ತಾವಾಗಿ ಸ್ವಲ್ಪ ಮುಂದಿನ ದಿಕ್ಕಿಗೇ ಏಳುತ್ತವೆ, ಗೋಡೆ ಅಡ್ಡ ಇರುತ್ತದೆ.

ಎಷ್ಟು ಸಲ, ಯಾವಾಗ ಜಾಸ್ತಿ ಮಾಡುವುದು

ವಾರಕ್ಕೆ ಎರಡು ದಿನ, ಮೂರು ಸೆಟ್, ಒಂದೊಂದರಲ್ಲಿ 12ರಿಂದ 15 ರೆಪ್. ನಡುವೆ 60ರಿಂದ 90 ಸೆಕೆಂಡ್ ವಿಶ್ರಾಂತಿ. ಪ್ರೆಸ್ ಮಾಡುವ ದಿನವಾದರೆ ಅದು ಮುಗಿದ ಮೇಲೆ ಇದು. ಮೊದಲೇ ಇದನ್ನು ಮಾಡಿ ಸುಸ್ತಾದ ಭುಜದಲ್ಲಿ ತಲೆ ಮೇಲೆ ಭಾರ ಎತ್ತುವುದು ಬೇಡ.

ಭಾರ ಏರಿಸುವ ವಿಷಯದಲ್ಲಿ ಇಲ್ಲಿ ಒಂದು ತೊಡಕಿದೆ. ಡಂಬೆಲ್‌ಗಳು ಸಾಮಾನ್ಯವಾಗಿ 2.5 ಕೆಜಿಯ ಹೆಜ್ಜೆಯಲ್ಲಿ ಸಿಗುತ್ತವೆ. 20ರಿಂದ 22.5ಕ್ಕೆ ಹೋಗುವುದು ಸಣ್ಣ ಹೆಜ್ಜೆ. ಆದರೆ 5ರಿಂದ 7.5ಕ್ಕೆ ಹೋದರೆ ಭಾರ ಒಂದೇ ಸಲಕ್ಕೆ ಒಂದೂವರೆ ಪಟ್ಟು ಆಗುತ್ತದೆ! ಬಹಳ ಜನರ ಫಾರ್ಮ್ ಕೆಡುವುದು ಸರಿಯಾಗಿ ಇಲ್ಲೇ. ಹಾಗಾಗಿ ಅದೇ ಭಾರದಲ್ಲಿ ರೆಪ್ ಏರಿಸುತ್ತಾ ಹೋಗಿ. 15 ಸುಲಭವಾದರೆ 18, ಆಮೇಲೆ 20. ಮೂರೂ ಸೆಟ್‌ನಲ್ಲಿ 20 ಬಂದ ಮೇಲೆ ಪ್ರತಿ ರೆಪ್‌ನಲ್ಲಿ ಮೇಲೆ ಒಂದು ಸೆಕೆಂಡ್ ನಿಲ್ಲಿಸಿ. ಅದೂ ಆರಾಮಾಯಿತು ಅಂದಾಗ ಮುಂದಿನ ಡಂಬೆಲ್ ತೆಗೆದುಕೊಂಡು ಮತ್ತೆ 10 ಅಥವಾ 12ರಿಂದ ಶುರು ಮಾಡಿ. ತಿಂಗಳುಗಟ್ಟಲೆ ಒಂದೇ ಭಾರದಲ್ಲಿ ಇದ್ದರೂ ಚಿಂತೆ ಬೇಡ. ಈ ವ್ಯಾಯಾಮದಲ್ಲಿ ಅದು ಮಾಮೂಲು.

ಜಿಮ್‌ನಲ್ಲಿ ಕೇಬಲ್ ಯಂತ್ರ (ತಂತಿಯಿಂದ ಭಾರ ಎಳೆಯುವುದು) ಇದ್ದರೆ ಅದನ್ನೂ ಬಳಸಿ. ಡಂಬೆಲ್‌ನಲ್ಲಿ ಕೈ ಕೆಳಗಿದ್ದಾಗ ಭುಜಕ್ಕೆ ಹೊರೆಯೇ ಇರುವುದಿಲ್ಲ. ತೋಳು 30 ಡಿಗ್ರಿ ಎದ್ದಾಗ ಪೂರ್ತಿ ಹೊರೆಯ ಅರ್ಧ ಮಾತ್ರ. ಭುಜದ ಮಟ್ಟಕ್ಕೆ ಬಂದಾಗ ಪೂರ್ತಿ. ಕೆಳಗಿನ ಕೊಕ್ಕೆಯಿಂದ ದೇಹಕ್ಕೆ ಅಡ್ಡಲಾಗಿ ಎಳೆಯುವ ಕೇಬಲ್‌ನಲ್ಲಿ ಶುರುವಿನಿಂದಲೇ ಎಳೆತ ಇರುತ್ತದೆ. ರೆಸಿಸ್ಟೆನ್ಸ್ ಬ್ಯಾಂಡ್ ಅನ್ನುವ ರಬ್ಬರ್ ಪಟ್ಟಿಯಲ್ಲಿ ಮೇಲೆ ಹೋದಷ್ಟೂ ಬಿಗಿ, ಅದರಲ್ಲಿ ಕೊನೆಯ ಭಾಗದಲ್ಲಿ ಕೈ ಮೋಸ ಮಾಡದ ಹಾಗೆ ಜಾಸ್ತಿ ಗಮನ ಬೇಕು.

ಉರಿ ಬೇರೆ, ನೋವು ಬೇರೆ

ಕೊನೆಯ ರೆಪ್‌ಗಳಲ್ಲಿ ಭುಜದ ಹೊರಬದಿಯಲ್ಲಿ ಉರಿ ಬರಬೇಕು. ಸೆಟ್ ಮುಗಿದ ಸ್ವಲ್ಪ ಹೊತ್ತಿಗೆ ಅದು ಹೋಗುತ್ತದೆ. ಭುಜದ ಮೇಲ್ತುದಿಯಲ್ಲಿ ಅಥವಾ ಮುಂದುಗಡೆ ಚುಚ್ಚಿದ ಹಾಗೆ, ಸಿಕ್ಕಿಹಾಕಿಕೊಂಡ ಹಾಗೆ ಆದರೆ ಅದು ಬೇರೆ. ಅದರಲ್ಲೂ ತೋಳು 60ರಿಂದ 120 ಡಿಗ್ರಿ ನಡುವೆ ಇರುವಾಗ ಮಾತ್ರ ನೋವು ಬಂದು, ಅದರ ಕೆಳಗೂ ಮೇಲೂ ಇಲ್ಲದಿದ್ದರೆ, ನಾನು ಹೇಳಿದ ಆ ಸಂದಿಯಲ್ಲಿ ಟೆಂಡನ್ ಕೆರಳಿರುವ ಸಾಧ್ಯತೆ ಇದೆ. ಅವತ್ತಿಗೆ ಡಂಬೆಲ್ ಕೆಳಗಿಡಿ. "ಇನ್ನೊಂದೇ ಸೆಟ್" ಅಂತ ಹಟ ಬೇಡ, ನಿಮ್ಮ ಭುಜ ನಿಮಗೆ ಇನ್ನೂ ಬಹಳ ವರ್ಷ ಬೇಕು.

ನೋವು ಸಣ್ಣದಾಗಿದ್ದರೆ ಮುಂದಿನ ಸಲ ಭಾರ ಅರ್ಧ ಮಾಡಿ, ಕೈಯನ್ನು ಇನ್ನೂ ಸ್ವಲ್ಪ ಮುಂದಿನ ದಿಕ್ಕಿಗೆ ತನ್ನಿ, ಹೆಬ್ಬೆರಳು ಮೇಲೆ ಮಾಡಿ, ನೋವು ಶುರುವಾಗುವ ಜಾಗಕ್ಕಿಂತ ಕೆಳಗೇ ನಿಲ್ಲಿಸಿ. ಆದರೂ ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ತೋರಿಸಿ. ರಾತ್ರಿ ಆ ಮಗ್ಗುಲಲ್ಲಿ ಮಲಗಲು ಆಗದಿದ್ದರೆ, ಬಿದ್ದ ಮೇಲೆ ಕೈ ಎತ್ತಲು ಬರದಿದ್ದರೆ, ತೋಳು ಅಥವಾ ಬೆರಳು ಜೋಮು ಹಿಡಿದರೆ ಅಷ್ಟೂ ದಿನ ಕಾಯಬೇಡಿ. ವೈದ್ಯರ ಹತ್ತಿರವೋ ಫಿಸಿಯೋಥೆರಪಿಸ್ಟ್ ಹತ್ತಿರವೋ ಹೋಗಿ. ಅವರು ಸರಿ ಅಂದ ಮೇಲೆ ಹಳೆಯ ಭಾರಕ್ಕೆ ನೇರ ಹೋಗಬೇಡಿ. ಮೊದಲು ಕತ್ತಿನ ಮೇಲೆ ಕೈಯಿಟ್ಟು ಮಾಡುವ ಆ ಬರಿಗೈ ಅಭ್ಯಾಸ. ಅದು ನೋವಿಲ್ಲದೆ ಬಂದ ಮೇಲೆ ರ‍್ಯಾಕ್‌ನ ಅತಿ ಸಣ್ಣ ಡಂಬೆಲ್.